ಕೆಲಸದ ಅರ್ಜಿಗೆ ಕವರ್ ಲೆಟರ್: ಜಾಹೀರಾತು ಓದುವುದರಿಂದ ಕಳಿಸುವ ತನಕ

"ರೆಸ್ಯೂಮೆ ರೆಡಿ ಇದೆ. ಜತೆಗೆ ಕವರ್ ಲೆಟರ್ ಕೇಳಿದ್ದಾರೆ. ಏನು ಬರೆಯಲಿ?" ಬಿಕಾಂ ಮುಗಿಸಿದವರು, ಐಟಿಐ ಮಾಡಿದವರು, ವರ್ಷಗಟ್ಟಲೆ ಒಂದೇ ಕಡೆ ದುಡಿದು ಈಗ ಕೆಲಸ ಬದಲಾಯಿಸಲು ಹೊರಟವರು, ಎಲ್ಲರೂ ಕೇಳುವುದು ಇದನ್ನೇ. ಕೆಲವರು ಕರಡನ್ನೂ ಕಳಿಸುತ್ತಾರೆ. ಹೆಸರು ಮುಚ್ಚಿಟ್ಟರೆ ಯಾವುದು ಯಾರದ್ದೆಂದು ಹೇಳಲಾಗದಷ್ಟು ಅವೆಲ್ಲ ಒಂದೇ ಥರ ಇರುತ್ತವೆ: "ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್..."

ಇದು ಎಲ್ಲಿಂದ ಬಂತೆಂದು ನಮಗೆಲ್ಲ ಗೊತ್ತು. ಹೈಸ್ಕೂಲಿನಲ್ಲಿ ಪತ್ರಲೇಖನಕ್ಕೆ ಮಾರ್ಕ್ಸ್ ಇತ್ತು. ಇಂದ, ಗೆ, ಮಾನ್ಯರೇ, ವಿಷಯ, "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ", ಕೊನೆಗೆ "ತಮ್ಮ ವಿಧೇಯ ವಿದ್ಯಾರ್ಥಿ". ಎರಡು ದಿನದ ಜ್ವರಕ್ಕೆ ರಜೆ ಕೇಳಲು ಆ ಚೌಕಟ್ಟು ಸಾಕಿತ್ತು. ನೀವು ಯಾರೆಂದು ಹೆಡ್‌ಮಾಸ್ತರರಿಗೆ ಗೊತ್ತಿತ್ತು, ಕೇಳುವುದಷ್ಟೇ ಬಾಕಿ ಇತ್ತು. ಕೆಲಸ ಕೊಡುವವರದ್ದು ಉಲ್ಟಾ. ನಿಮಗೆ ಕೆಲಸ ಬೇಕು ಅನ್ನುವುದು ಅವರಿಗೆ ಹೇಳದೆಯೇ ಗೊತ್ತು. ನೀವು ಯಾರು, ಅವರ ಯಾವ ತಲೆನೋವು ನಿಮ್ಮಿಂದ ಇಳಿಯುತ್ತದೆ ಅನ್ನುವುದು ಗೊತ್ತಿಲ್ಲ. ಹಾಗಾಗಿ ಕವರ್ ಲೆಟರನ್ನು ವಿನಂತಿ ಅಂದುಕೊಳ್ಳದೆ, ಜಾಹೀರಾತಿಗೆ ಬರೆಯುವ ಉತ್ತರ ಅಂದುಕೊಳ್ಳಿ. ಕೆಳಗಿನದ್ದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಪತ್ರ ಬೇಕೋ ಬೇಡವೋ ಮೊದಲು ನೋಡಿ

ಕೆಪಿಎಸ್‌ಸಿ, ಕೆಇಎ ಮೂಲಕ ನಡೆಯುವ ನೇಮಕಾತಿಗೂ ಐಬಿಪಿಎಸ್‌ನ ಬ್ಯಾಂಕ್ ಪರೀಕ್ಷೆಗಳಿಗೂ ಕವರ್ ಲೆಟರ್ ಬೇಕಿಲ್ಲ. ಅಲ್ಲಿರುವುದು ಆನ್‌ಲೈನ್ ಅರ್ಜಿ, ಪರೀಕ್ಷೆ, ದಾಖಲೆ ಪರಿಶೀಲನೆ. ವಾಕ್-ಇನ್ ಇಂಟರ್‌ವ್ಯೂಗೂ ಬೇಡ, ನೀವೇ ಎದುರಿಗೆ ಕೂತಿರುತ್ತೀರಿ. ಜಾಬ್ ಪೋರ್ಟಲ್‌ಗಳಲ್ಲಿ ಬರೀ "ಅಪ್ಲೈ" ಬಟನ್ ಇದ್ದರೆ ಒತ್ತಿ ಮುಂದೆ ಹೋಗಿ. ಸಂದೇಶ ಬರೆಯಲು ಖಾಲಿ ಜಾಗ ಕೊಟ್ಟಿದ್ದರೆ ಮಾತ್ರ ನಾಲ್ಕು ಸಾಲು ಬರೆಯಿರಿ.

ಪತ್ರಕ್ಕೆ ನಿಜವಾದ ಬೆಲೆ ಇರುವುದು "ಈ ಇಮೇಲಿಗೆ ಅರ್ಜಿ ಕಳಿಸಿ" ಎಂದು ಹಾಕಿದ ಕಡೆ: ಮಧ್ಯಮ ಗಾತ್ರದ ಕಂಪನಿಗಳು, ಖಾಸಗಿ ಶಾಲೆ-ಕಾಲೇಜುಗಳು, ಆಸ್ಪತ್ರೆಗಳು, ಎನ್‌ಜಿಒಗಳು, ಪತ್ರಿಕೆ-ಪ್ರಕಾಶನಗಳು. ಇಲ್ಲಿ ಅರ್ಜಿಯನ್ನು ಮನುಷ್ಯರೇ ತೆರೆದು ಓದುತ್ತಾರೆ. ಹೊರದೇಶಕ್ಕೆ ಅರ್ಜಿ ಹಾಕುವವರಿಗೂ ಇದು ಬೇಕಾಗುತ್ತದೆ. ಜರ್ಮನಿಯಲ್ಲಿ ಇದಕ್ಕೆ "ಆನ್‌ಶ್ರೈಬನ್" ಅನ್ನುತ್ತಾರೆ. ನರ್ಸಿಂಗ್ ಮುಗಿಸಿ ಆ ಕಡೆ ಹೊರಟವರು ಇದನ್ನೂ ಅರ್ಜಿಯ ಕಟ್ಟಿನ ಒಂದು ಭಾಗವೆಂದೇ ಲೆಕ್ಕ ಇಟ್ಟುಕೊಳ್ಳಿ.

ಕೈಯಲ್ಲಿ ಬೇಕಾದದ್ದು ಜಾಹೀರಾತಿನ ಪೂರ್ತಿ ಪ್ರತಿ, ನಿಮ್ಮ ರೆಸ್ಯೂಮೆ, ಒಂದು ಹಾಳೆ, ಪೆನ್ನು, ಯಾರೂ ಕರೆಯದ ಒಂದು ಗಂಟೆ. ಜಾಹೀರಾತಿನ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ. ಅರ್ಜಿಗಳು ಸಾಕಷ್ಟು ಬಂದ ಕೂಡಲೇ ಜಾಹೀರಾತನ್ನು ತೆಗೆದುಹಾಕುವುದುಂಟು. ಆಮೇಲೆ ಇಂಟರ್‌ವ್ಯೂಗೆ ಕರೆದಾಗ ಅವರು ಏನು ಕೇಳಿದ್ದರೆಂದೇ ನೆನಪಿರುವುದಿಲ್ಲ.

ಹಂತ 1: ಜಾಹೀರಾತನ್ನು ಸಾಲು ಸಾಲಾಗಿ ಓದಿ

ಉದಾಹರಣೆ ಇಟ್ಟುಕೊಂಡೇ ಹೋಗೋಣ. ದಾವಣಗೆರೆಯ ಆಡಿಟರ್ ಆಫೀಸೊಂದರಲ್ಲಿ ಎರಡೂವರೆ ವರ್ಷ ಕೆಲಸ ಮಾಡಿದ ಬಿಕಾಂ ಪದವೀಧರೆ ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಗೆ ಅರ್ಜಿ ಹಾಕುತ್ತಿದ್ದಾಳೆ ಅಂದುಕೊಳ್ಳಿ. ಜಾಹೀರಾತು ಹೀಗಿದೆ: "ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕಾಗಿದ್ದಾರೆ. ಬಿಕಾಂ, 2–3 ವರ್ಷ ಅನುಭವ. ಟ್ಯಾಲಿ ಪ್ರೈಮ್, ಜಿಎಸ್‌ಟಿ ರಿಟರ್ನ್ಸ್, ಟಿಡಿಎಸ್ ಗೊತ್ತಿರಬೇಕು. ವೆಂಡರ್ ಪೇಮೆಂಟ್ ಫಾಲೋ-ಅಪ್. ಎಕ್ಸೆಲ್ ಕಡ್ಡಾಯ. ತಕ್ಷಣ ಸೇರುವವರಿಗೆ ಆದ್ಯತೆ."

ಬಿಕಾಂ, ಟ್ಯಾಲಿ ಎಲ್ಲ ಬಾಗಿಲಿನ ಟಿಕೆಟ್ಟು. ಅರ್ಜಿ ಹಾಕುವ ಎಲ್ಲರ ಹತ್ತಿರವೂ ಇರುತ್ತದೆ. ವಿಷಯ ಇರುವುದು ಉಳಿದ ಸಾಲುಗಳಲ್ಲಿ. "ತಕ್ಷಣ ಸೇರುವವರಿಗೆ ಆದ್ಯತೆ" ಅಂದರೆ ಬಹುಶಃ ಇದ್ದವರು ಬಿಟ್ಟು ಹೋಗಿದ್ದಾರೆ, ಕೆಲಸ ಬಾಕಿ ಬೀಳುತ್ತಿದೆ. "ವೆಂಡರ್ ಪೇಮೆಂಟ್ ಫಾಲೋ-ಅಪ್" ಅಂತ ಬೇರೆಯಾಗಿ ಬರೆದಿದ್ದಾರೆಂದರೆ ಸರಬರಾಜುದಾರರ ಫೋನು ದಿನವೂ ಬರುತ್ತಿರಬೇಕು. ಇವು ಊಹೆಗಳೇ. ಪತ್ರದಲ್ಲಿ "ನಿಮ್ಮಲ್ಲಿ ಕೆಲಸ ಬಾಕಿ ಬಿದ್ದಿದೆಯಲ್ಲ" ಎಂದು ಬರೆಯುವ ಅಧಿಕಪ್ರಸಂಗ ಬೇಡ. ಆದರೆ ಯಾವ ಅನುಭವವನ್ನು ಮುಂದಿಡಬೇಕು ಅನ್ನುವುದು ಈ ಊಹೆಯಿಂದಲೇ ಗೊತ್ತಾಗುತ್ತದೆ.

ಒಂದೇ ವಿಷಯ ಎರಡು ಸಲ ಬಂದಿದ್ದರೆ, "ಕಡ್ಡಾಯ" ಅಂದಿದ್ದರೆ ಅದಕ್ಕೆ ಅಡಿಗೆರೆ ಎಳೆಯಿರಿ. ಅವರು ಬಳಸಿದ ಪದವನ್ನೇ ನೀವೂ ಬಳಸಿ. ಜಾಹೀರಾತಿನಲ್ಲಿ "ವೆಂಡರ್" ಎಂದಿದ್ದರೆ ನೀವು "ಸಪ್ಲೈಯರ್" ಅನ್ನಬೇಡಿ. ದೊಡ್ಡ ಕಂಪನಿಗಳಲ್ಲಿ ಎಟಿಎಸ್ ಇರುತ್ತದೆ, ಅಂದರೆ ಬಂದ ಅರ್ಜಿಗಳನ್ನು ಜೋಡಿಸಿಟ್ಟು ಪದ ಕೊಟ್ಟು ಹುಡುಕಲು ಬಳಸುವ ತಂತ್ರಾಂಶ. ಸಣ್ಣ ಕಂಪನಿಯಲ್ಲಿ ಅದಿಲ್ಲದಿದ್ದರೂ ಓದುವವರ ಕಣ್ಣು ಹುಡುಕುವುದು ತಾವು ಹಾಕಿದ ಪದವನ್ನೇ.

ಹಂತ 2: ಕೇಳಿದ್ದೇನು, ಪುರಾವೆ ಏನು

ಹಾಳೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ಅವರು ಕೇಳಿದ್ದು, ಬಲಕ್ಕೆ ನೀವು ಅದನ್ನು ಮಾಡಿದ್ದಕ್ಕೆ ಪುರಾವೆ. ಪತ್ರದ ಮುಕ್ಕಾಲು ಕೆಲಸ ಇಲ್ಲೇ ಮುಗಿಯುತ್ತದೆ, ಆದ್ದರಿಂದ ಅವಸರ ಮಾಡಬೇಡಿ.

"ಜಿಎಸ್‌ಟಿ ಜ್ಞಾನವಿದೆ" ಅನ್ನುವುದು ಪುರಾವೆಯಲ್ಲ. "ಪ್ರತಿ ತಿಂಗಳು ಹದಿನಾಲ್ಕು ಕಕ್ಷಿದಾರರ ಜಿಎಸ್‌ಟಿಆರ್-1 ಮತ್ತು 3ಬಿ ತಯಾರಿಸುತ್ತೇನೆ, ಅದಕ್ಕೂ ಮುನ್ನ ಖರೀದಿ ಪುಸ್ತಕವನ್ನು 2ಬಿ ಜತೆ ತಾಳೆ ನೋಡುತ್ತೇನೆ" ಅನ್ನುವುದು ಪುರಾವೆ. ಈ ಕ್ಷೇತ್ರದವರಲ್ಲದವರಿಗೆ: ಜಿಎಸ್‌ಟಿಆರ್-1 ಎಂದರೆ ಮಾರಾಟದ ಬಿಲ್‌ಗಳ ವಿವರ, 3ಬಿ ಎಂದರೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್, 2ಬಿ ಎಂದರೆ ಮಾರಿದವರು ತೋರಿಸಿದ ಬಿಲ್‌ಗಳನ್ನು ನೋಡಿ ಜಿಎಸ್‌ಟಿ ಪೋರ್ಟಲ್ ತಾನೇ ತಯಾರಿಸುವ ಖರೀದಿ ಪಟ್ಟಿ. ಮಾರಿದವರು ಬಿಲ್ ತೋರಿಸದೇ ಬಿಟ್ಟರೆ ಕೊಂಡವರಿಗೆ ಆ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ, ಕಂಪನಿಯ ಕೈಯಿಂದ ದುಡ್ಡು ಹೋಗುತ್ತದೆ. ತಿಂಗಳ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಗಡುವು ಮುಂದಿನ ತಿಂಗಳ 11, 2ಬಿ ಬರುವುದು 14ಕ್ಕೆ, 3ಬಿಯ ಗಡುವು 20. ನಡುವಿನ ಆ ಐದಾರು ದಿನಗಳಲ್ಲಿ ಬಾರದ ಬಿಲ್ ಹುಡುಕಿ, ಮಾರಿದವರಿಗೆ ಫೋನ್ ಮಾಡಿ ಬೆನ್ನು ಹತ್ತುವ ಕೆಲಸ ಮಾಡಿದವರು ಯಾರೆಂದು ಅಕೌಂಟ್ಸ್ ಮ್ಯಾನೇಜರಿಗೆ ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಆ ಸಾಲು ನಿಮ್ಮ ಪತ್ರದಲ್ಲಿರಲಿ.

ವೆಂಡರ್ ಪೇಮೆಂಟಿಗೂ ಹೀಗೇ. ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣ, ಒಪ್ಪಂದ ಏನೇ ಇದ್ದರೂ, 45 ದಿನ ಮೀರುವಂತಿಲ್ಲ ಎಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಪೀಣ್ಯದಂಥ ಜಾಗದಲ್ಲಿ ಬಿಡಿಭಾಗ ಕೊಡುವವರಲ್ಲಿ ಸಣ್ಣ ಘಟಕಗಳೇ ಹೆಚ್ಚು. ಈ ಗಡುವನ್ನು ಎಕ್ಸೆಲ್‌ನಲ್ಲಿ ಗುರುತು ಹಾಕಿಟ್ಟು ನಿಭಾಯಿಸಿದ ಅನುಭವವಿದ್ದರೆ ಬಲಗಡೆ ಬರೆದುಕೊಳ್ಳಿ. "ಎಕ್ಸೆಲ್ ಕಡ್ಡಾಯ" ಅನ್ನುವುದಕ್ಕೂ ಇದರಲ್ಲೇ ಉತ್ತರ ಸಿಕ್ಕಿತು.

"ನಾನು ಫ್ರೆಶರ್, ಪುರಾವೆ ಎಲ್ಲಿಂದ ತರಲಿ?" ಇದು ಮುಂದಿನ ಪ್ರಶ್ನೆ. ಐಟಿಐ ಫಿಟ್ಟರ್ ಅಥವಾ ಟರ್ನರ್ ಆಗಿದ್ದರೆ "ಅಳತೆ ಉಪಕರಣಗಳ ಪರಿಚಯವಿದೆ" ಎನ್ನುವ ಬದಲು "0.02 ಮಿಲಿಮೀಟರ್ ವರ್ನಿಯರ್ ಮತ್ತು 0.01 ಮಿಲಿಮೀಟರ್ ಮೈಕ್ರೋಮೀಟರ್‌ನಲ್ಲಿ ಜಾಬ್ ಅಳೆದು ಡ್ರಾಯಿಂಗ್ ಜತೆ ಹೋಲಿಸಿ ನೋಡುತ್ತೇನೆ" ಎನ್ನಿ. ಅಪ್ರೆಂಟಿಸ್ ಆಗಿ ದುಡಿದಿದ್ದರೆ ಯಾವ ಮೆಷಿನ್ ಮೇಲೆ, ಯಾವ ಭಾಗ ಮಾಡಿದಿರಿ ಅನ್ನುವುದನ್ನು ಬರೆಯಿರಿ. ಬಿಎಡ್ ಮುಗಿಸಿದವರಿಗೆ ಪ್ರಾಯೋಗಿಕ ಬೋಧನೆಯ ದಿನಗಳಿವೆ: ಯಾವ ತರಗತಿ, ಯಾವ ಪಾಠ, ಮಕ್ಕಳು ಎಲ್ಲಿ ಎಡವುತ್ತಿದ್ದರು, ನೀವೇನು ಮಾಡಿದಿರಿ. ಟಿಇಟಿ ಪಾಸಾಗಿದ್ದರೆ ಪೇಪರ್ ಮತ್ತು ವರ್ಷ.

ಅಪ್ಪನ ಕಿರಾಣಿ ಅಂಗಡಿಯಲ್ಲಿ ನಾಲ್ಕು ವರ್ಷ ಸಾಲದ ಲೆಕ್ಕ ಬರೆದದ್ದನ್ನು ಎಷ್ಟೋ ಜನ ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಯಾಕೋ ಅರ್ಥವಾಗುವುದಿಲ್ಲ. ಸ್ಟಾಕ್ ನೋಡುವುದು, ಬಾಕಿ ವಸೂಲಿ, ಹೋಲ್‌ಸೇಲ್‌ನವರ ಜತೆ ಚೌಕಾಸಿ, ಇವೆಲ್ಲ ಕೆಲಸವೇ. ಮಾರಾಟ ಅಥವಾ ಅಕೌಂಟ್ಸ್ ಹುದ್ದೆಗಾದರೆ, ಕಾಲೇಜಿನ ಎರಡು ದಿನದ ಸೆಮಿನಾರ್ ಸರ್ಟಿಫಿಕೇಟಿಗಿಂತ ಇದು ಎಷ್ಟೋ ಗಟ್ಟಿ.

ಒಂದು ಎಚ್ಚರಿಕೆ. ಹಳೆಯ ಕೆಲಸದ ಗುಟ್ಟನ್ನು ಪುರಾವೆ ಮಾಡಬೇಡಿ. ಆಡಿಟರ್ ಕಚೇರಿಯಲ್ಲಿದ್ದವರು ಕಕ್ಷಿದಾರರ ಹೆಸರು, ವಹಿವಾಟಿನ ಮೊತ್ತ ಬರೆದರೆ ಓದುವವರಿಗೆ ಮೊದಲು ಹೊಳೆಯುವುದು "ನಾಳೆ ನಮ್ಮ ಲೆಕ್ಕವನ್ನೂ ಹೀಗೇ ಬೇರೆಯವರಿಗೆ ಹೇಳುತ್ತಾರೆ" ಎಂದೇ. ಸಂಖ್ಯೆ ಮತ್ತು ಕೆಲಸದ ಬಗೆ ಹೇಳಿ, ಹೆಸರು ಬಿಡಿ.

ಬಲಗಡೆ ಖಾಲಿ ಉಳಿದರೆ? ಒಂದೆರಡು ಖಾಲಿ ಉಳಿದರೂ ಅರ್ಜಿ ಹಾಕಿ. "ಕಡ್ಡಾಯ" ಎಂದ ಎಲ್ಲದರ ಎದುರಿಗೂ ಖಾಲಿಯೇ ಇದ್ದರೆ ಆ ಸಂಜೆಯನ್ನು ಬೇರೆ ಜಾಹೀರಾತಿಗೆ ಕೊಡುವುದು ಲೇಸು.

ಹಂತ 3: ಯಾರಿಗೆ ಬರೆಯುತ್ತಿದ್ದೀರಿ

ಜಾಹೀರಾತಿನಲ್ಲಿ ಹೆಸರು ಕೊಟ್ಟಿದ್ದರೆ ಅದನ್ನೇ ಬಳಸಿ, ಕಾಗುಣಿತ ಎರಡು ಸಲ ನೋಡಿ. ಇಲ್ಲದಿದ್ದರೆ ಇಂಗ್ಲಿಷಿನಲ್ಲಿ "ಡಿಯರ್ ಹೈರಿಂಗ್ ಮ್ಯಾನೇಜರ್" ಅಥವಾ "ಡಿಯರ್ ಸರ್ ಆರ್ ಮೇಡಂ", ಕನ್ನಡದಲ್ಲಿ "ಮಾನ್ಯರೇ". ಬರೀ "ಸರ್" ಎಂದು ಬರೆದು ಕಳಿಸಿದ ಪತ್ರವನ್ನು ತೆರೆಯುವವರು ಮಹಿಳೆಯೇ ಆಗಿರಬಹುದು. "ಟು ಹೂಮ್‌ಸೋಎವರ್ ಇಟ್ ಮೇ ಕನ್ಸರ್ನ್" ಬೇಡವೇ ಬೇಡ. ಅದು ಅನುಭವ ಪತ್ರ, ನಡತೆ ಪತ್ರಗಳ ಮೇಲೆ ಹಾಕುವ ತಲೆಬರಹ.

ಹಂತ 4: ಮೊದಲ ಪ್ಯಾರಾ

ಮೂರೇ ಸಾಲು: ಯಾವ ಹುದ್ದೆ, ಜಾಹೀರಾತು ಎಲ್ಲಿ ನೋಡಿದಿರಿ, ಅವರಿಗೆ ಬೇಕಾದದ್ದರಲ್ಲಿ ನಿಮ್ಮ ಹತ್ತಿರ ಇರುವ ಅತ್ಯಂತ ಗಟ್ಟಿ ಸಂಗತಿ ಯಾವುದು. ಪರಿಚಯದವರು ಹೇಳಿ ಕಳಿಸಿದ್ದರೆ, ಅವರ ಒಪ್ಪಿಗೆ ಇದ್ದರೆ, ಹೆಸರನ್ನು ಇಲ್ಲೇ ಹೇಳಿ.

ಸಾಮಾನ್ಯವಾಗಿ ಬರುವ ಕರಡು ಇದು: "ನಾನು ಬಡ ರೈತ ಕುಟುಂಬದಿಂದ ಬಂದಿದ್ದು, ಕಷ್ಟಪಟ್ಟು ಬಿಕಾಂ ಮುಗಿಸಿದ್ದೇನೆ. ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಒಂದು ಅವಕಾಶ ನೀಡಬೇಕೆಂದು ಕೇಳಿಕೊಳ್ಳುತ್ತೇನೆ." ಕಷ್ಟ ನಿಜವೇ ಇರಬಹುದು. ಆದರೆ ಕನಿಕರ ಹುಟ್ಟಿದರೂ ಆ ಕನಿಕರದಿಂದ 3ಬಿ ಫೈಲ್ ಆಗುವುದಿಲ್ಲ. ಓದಿನ ಜತೆ ಸಂಜೆ ಪೆಟ್ರೋಲ್ ಬಂಕಿನಲ್ಲಿ ದುಡಿದಿದ್ದರೆ ಅದನ್ನು ಕೆಲಸದ ಅನುಭವವಾಗಿಯೇ ಹೇಳಿ, ಗೋಳಾಗಿ ಬೇಡ.

ಇನ್ನೊಂದು ಅತಿ, ಹೊಗಳಿ ಹೊನ್ನಶೂಲಕ್ಕೇರಿಸುವುದು. "ವಿಶ್ವವಿಖ್ಯಾತ", "ಹೆಸರಾಂತ", "ಡೈನಾಮಿಕ್ ಆರ್ಗನೈಸೇಶನ್". ನಲವತ್ತು ಜನ ಕೆಲಸ ಮಾಡುವ ಕಾರ್ಖಾನೆಗೆ ವಿಶ್ವವಿಖ್ಯಾತ ಅಂದರೆ ಮಾಲೀಕರೇ ನಕ್ಕುಬಿಡುತ್ತಾರೆ. ಅವರ ವೆಬ್‌ಸೈಟ್ ನೋಡಿ ಏನು ತಯಾರಿಸುತ್ತಾರೆ, ಯಾರಿಗೆ ಮಾರುತ್ತಾರೆ ತಿಳಿದುಕೊಳ್ಳಿ. ಅದರಲ್ಲಿ ನಿಮ್ಮ ಕೆಲಸಕ್ಕೆ ತಾಗುವ ಒಂದು ವಿಷಯ ಸಿಕ್ಕರೆ ಒಂದು ಸಾಲು ಬರೆಯಿರಿ, ಸಿಗದಿದ್ದರೆ ಬಿಡಿ.

ಹಂತ 5: ನಡುವಿನ ಭಾಗ

ಹಂತ 2ರ ಹಾಳೆಯಿಂದ ಎರಡು, ಹೆಚ್ಚೆಂದರೆ ಮೂರು ಪುರಾವೆ ಎತ್ತಿಕೊಳ್ಳಿ. ಎಲ್ಲವನ್ನೂ ತುಂಬಿದರೆ ಅದು ವಾಕ್ಯ ರೂಪದ ರೆಸ್ಯೂಮೆ ಆಗುತ್ತದೆ. "ಹಾರ್ಡ್ ವರ್ಕಿಂಗ್, ಸಿನ್ಸಿಯರ್, ಟೀಮ್ ಪ್ಲೇಯರ್" ಪದಗಳನ್ನು ಹೊಡೆದುಹಾಕಿ. "ನಾನು ಸೋಮಾರಿ" ಎಂದು ಯಾರೂ ಬರೆಯುವುದಿಲ್ಲ, ಹಾಗಾಗಿ ಅವುಗಳಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ.

ಓದು ಅಥವಾ ಕೆಲಸದ ನಡುವೆ ಒಂದೆರಡು ವರ್ಷ ಖಾಲಿ ಇದ್ದರೆ ಒಂದು ಸಾಲಿನಲ್ಲಿ ಹೇಳಿ ಮುಗಿಸಿ: "2022ರಿಂದ 2024ರವರೆಗೆ ಮಗುವಿನ ಆರೈಕೆಗಾಗಿ ಕೆಲಸದಿಂದ ದೂರವಿದ್ದೆ, ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧಳಿದ್ದೇನೆ." ಕೆಎಎಸ್ ಪರೀಕ್ಷೆಗೆ ಓದುತ್ತಿದ್ದರೆ ಹಾಗೆಂದೇ ಹೇಳಿ, ನಾಚಿಕೆಪಡುವಂಥದ್ದೇನಿಲ್ಲ. ಆದರೆ "ಮುಂದಿನ ವರ್ಷ ಮತ್ತೆ ಬರೆಯುತ್ತೇನೆ" ಎಂಬ ಯೋಚನೆ ಇದ್ದರೆ ಇಂಟರ್‌ವ್ಯೂನಲ್ಲಿ ಅದೇ ಮೊದಲ ಪ್ರಶ್ನೆ, ಉತ್ತರ ಈಗಲೇ ಯೋಚಿಸಿಡಿ. ಬ್ಯಾಕ್‌ಲಾಗ್, ಕಡಿಮೆ ಶೇಕಡಾವಾರು, ಇವನ್ನು ಪತ್ರದಲ್ಲಿ ನೀವಾಗಿ ಎತ್ತುವ ಅಗತ್ಯವಿಲ್ಲ. ಕೇಳಿದ್ದರೆ ಮಾತ್ರ ಹೇಳಿ, ಸುಳ್ಳು ಮಾತ್ರ ಬೇಡ. ಮಾರ್ಕ್ಸ್ ಕಾರ್ಡ್ ನೋಡಿಯೇ ನೋಡುತ್ತಾರೆ.

ಹಳೆಯ ಕಂಪನಿ ಬಿಡಲು ಕಾರಣ ಬಾಸ್ ಕಾಟವೇ ಆಗಿದ್ದರೂ ಪತ್ರದಲ್ಲಿ ಅದಕ್ಕೆ ಜಾಗವಿಲ್ಲ.

ಹಂತ 6: ಯಾವಾಗ ಸೇರುತ್ತೀರಿ, ಎಷ್ಟು ಕೇಳುತ್ತೀರಿ

ಕೊನೆಯ ಪ್ಯಾರಾದಲ್ಲಿ ಅವರಿಗೆ ಬೇಕಾದ ವ್ಯವಹಾರದ ಮಾಹಿತಿ ಇರಲಿ. ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಹಳೆಯ ಕಡೆ ದುಡಿಯಬೇಕಾದ ಅವಧಿ, 30 ದಿನವೋ 60ವೋ 90ವೋ ನೇಮಕಾತಿ ಪತ್ರ ತೆಗೆದು ನೋಡಿ. "ಆದಷ್ಟು ಬೇಗ ಸೇರಲು ಪ್ರಯತ್ನಿಸುತ್ತೇನೆ" ಅನ್ನುವುದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. "ನನ್ನ ನೋಟಿಸ್ ಅವಧಿ 30 ದಿನ" ಎಂದರೆ ಅವರು ಲೆಕ್ಕ ಹಾಕಿಕೊಳ್ಳುತ್ತಾರೆ. 90 ದಿನ ಇಟ್ಟುಕೊಂಡು "ಇಮ್ಮೀಡಿಯೆಟ್ ಜಾಯ್ನರ್" ಎಂದು ಬರೆದರೆ ಆಫರ್ ಬಂದ ದಿನ ಸಿಕ್ಕಿಬೀಳುತ್ತೀರಿ.

ಬೇರೆ ಊರಿನವರಾಗಿದ್ದರೆ ಬಂದು ನೆಲೆಸುತ್ತೀರೋ, ಓಡಾಡುತ್ತೀರೋ ಹೇಳಿ. ತುಮಕೂರಿನಿಂದ ಪೀಣ್ಯಕ್ಕೆ ದಿನಾ ಓಡಾಡುವವರಿದ್ದಾರೆ, ಆದರೆ ರೆಸ್ಯೂಮೆ ನೋಡುವವರಿಗೆ ವಿಳಾಸ ಕಂಡ ಕೂಡಲೇ ಅನುಮಾನ ಹುಟ್ಟುತ್ತದೆ.

ಸಂಬಳದ ಮಾತು ಅವರು ಕೇಳಿದ್ದರೆ ಮಾತ್ರ. ಕೇಳಿದ್ದರೆ ಸಿಟಿಸಿ ಲೆಕ್ಕವೋ ಕೈಗೆ ಬರುವ ಲೆಕ್ಕವೋ ಸ್ಪಷ್ಟಪಡಿಸಿ. ಸಿಟಿಸಿ ಎಂದರೆ ವರ್ಷಕ್ಕೆ ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು. ಪಿಎಫ್‌ನಲ್ಲಿ ಕಂಪನಿಯ ಪಾಲು, ಹಲವು ಕಡೆ ಗ್ರ್ಯಾಚುಟಿಯೂ ಅದರೊಳಗೇ ಇರುತ್ತದೆ. ಅದನ್ನು ಹನ್ನೆರಡರಿಂದ ಭಾಗಿಸಿದರೆ ಬರುವ ಮೊತ್ತ ನಿಮ್ಮ ಖಾತೆಗೆ ಬೀಳುವುದಿಲ್ಲ.

ಮುಗಿಸುವಾಗ "ತಮ್ಮ ವಿಧೇಯ" ಬೇಡ. "ಇಂತಿ, ವಿಶ್ವಾಸಿ" ಸಾಕು. ಇಂಗ್ಲಿಷಿನಲ್ಲಿ "ಯುವರ್ಸ್ ಸಿನ್ಸಿಯರ್ಲಿ" ಅಥವಾ "ರಿಗಾರ್ಡ್ಸ್".

ಇಷ್ಟನ್ನೂ ಸೇರಿಸಿದರೆ ನಮ್ಮ ಬಿಕಾಂ ಪದವೀಧರೆಯ ಪತ್ರ ಹೀಗಾಗುತ್ತದೆ:

"ಮಾನ್ಯರೇ,

ನಿಮ್ಮ ಪೀಣ್ಯ ಕಾರ್ಖಾನೆಯ ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಯ ಜಾಹೀರಾತನ್ನು ಲಿಂಕ್ಡ್‌ಇನ್‌ನಲ್ಲಿ ನೋಡಿ ಬರೆಯುತ್ತಿದ್ದೇನೆ. ದಾವಣಗೆರೆಯ ಆಡಿಟರ್ ಕಚೇರಿಯೊಂದರಲ್ಲಿ ಎರಡೂವರೆ ವರ್ಷದಿಂದ ಜಿಎಸ್‌ಟಿ ಮತ್ತು ಟಿಡಿಎಸ್ ಕೆಲಸ ನೋಡಿಕೊಳ್ಳುತ್ತಿದ್ದೇನೆ.

ಪ್ರತಿ ತಿಂಗಳು ಹದಿನಾಲ್ಕು ಕಕ್ಷಿದಾರರ ಲೆಕ್ಕವನ್ನು ಟ್ಯಾಲಿ ಪ್ರೈಮ್‌ನಿಂದ ತೆಗೆದು ಜಿಎಸ್‌ಟಿಆರ್-1 ಮತ್ತು 3ಬಿ ತಯಾರಿಸುತ್ತೇನೆ. 3ಬಿಗೆ ಮುನ್ನ ಖರೀದಿ ಪುಸ್ತಕವನ್ನು 2ಬಿ ಜತೆ ತಾಳೆ ನೋಡಿ, ಬಾರದ ಬಿಲ್‌ಗಳ ಬಗ್ಗೆ ವೆಂಡರ್‌ಗಳಿಗೆ ನಾನೇ ಫೋನ್ ಮಾಡಿ ಸರಿಪಡಿಸುತ್ತೇನೆ.

ಇವರಲ್ಲಿ ಮೂರು ಕಕ್ಷಿದಾರರು ಬಿಡಿಭಾಗ ತಯಾರಕರು. ಅವರ ವೆಂಡರ್ ಪೇಮೆಂಟ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಟ್ಟು, ಸಣ್ಣ ಉದ್ಯಮಗಳಿಗೆ ಅನ್ವಯಿಸುವ 45 ದಿನದ ಗಡುವು ಹತ್ತಿರವಾದ ಬಿಲ್‌ಗಳನ್ನು ವಾರಕ್ಕೊಮ್ಮೆ ಬೇರ್ಪಡಿಸಿ ಕೊಡುತ್ತೇನೆ.

ನನ್ನ ನೋಟಿಸ್ ಅವಧಿ 30 ದಿನ. ಬೆಂಗಳೂರಿಗೆ ಬಂದು ನೆಲೆಸಲು ಸಿದ್ಧಳಿದ್ದೇನೆ. ಕೆಲಸದ ದಿನಗಳಲ್ಲಿ ಸಂಜೆ 6ರ ನಂತರ ಫೋನಿನಲ್ಲಿ ಮಾತಾಡಬಹುದು. ರೆಸ್ಯೂಮೆ ಲಗತ್ತಿಸಿದ್ದೇನೆ.

ಇಂತಿ, ವಿಶ್ವಾಸಿ"

ಕೆಳಗೆ ಹೆಸರು, ಫೋನ್ ನಂಬರ್. ಅಷ್ಟೇ. ಟೈಪ್ ಮಾಡಿದರೆ ಅರ್ಧ ಪುಟಕ್ಕಿಂತ ತುಸು ಹೆಚ್ಚಾಗಬಹುದು. ಇದನ್ನೇ ಹೆಸರು ಬದಲಾಯಿಸಿ ಕಳಿಸಬೇಡಿ ದಯವಿಟ್ಟು. ಇದರ ಬಲ ಇರುವುದು ಆ ಜಾಹೀರಾತಿಗೆ ಹೊಂದುವುದರಲ್ಲಿ.

ಹಂತ 7: ಕನ್ನಡವೋ ಇಂಗ್ಲಿಷೋ

ಜಾಹೀರಾತು ಯಾವ ಭಾಷೆಯಲ್ಲಿದೆಯೋ ಆ ಭಾಷೆ. ಕನ್ನಡ ಪತ್ರಿಕೆ, ಪ್ರಕಾಶನ, ಅನುವಾದದ ಹುದ್ದೆ, ಹಳ್ಳಿಗಳಲ್ಲಿ ಕೆಲಸ ಮಾಡುವ ಎನ್‌ಜಿಒ ಇವಕ್ಕೆ ಕನ್ನಡದಲ್ಲೇ ಬರೆಯಿರಿ. ಉಪಸಂಪಾದಕ ಹುದ್ದೆಗಾದರೆ ಪತ್ರವೇ ಮೊದಲ ಪರೀಕ್ಷೆ. ಅದರಲ್ಲಿ ಅಲ್ಪಪ್ರಾಣ-ಮಹಾಪ್ರಾಣ ತಪ್ಪಿದ್ದರೆ ರೆಸ್ಯೂಮೆ ತೆರೆಯುವ ಗೋಜಿಗೆ ಯಾರು ಹೋಗುತ್ತಾರೆ?

ಕನ್ನಡದಲ್ಲಿ ಕಳಿಸುವವರಿಗೆ ತಾಂತ್ರಿಕ ಅಪಾಯವೊಂದಿದೆ. ಡಿಟಿಪಿ ಅಂಗಡಿಯಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿ ವರ್ಡ್ ಫೈಲ್ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಕಾಣುವುದಿಲ್ಲ, ತಲೆಬುಡವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ನುಡಿ, ಬರಹ ಎರಡರಲ್ಲೂ ಆ ಆಯ್ಕೆ ಇದೆ, ಮೊಬೈಲಿನ ಕನ್ನಡ ಕೀಬೋರ್ಡ್ ಹೇಗೂ ಯೂನಿಕೋಡೇ. ಆಮೇಲೆ ಪಿಡಿಎಫ್ ಮಾಡಿ, ಬೇರೆ ಯಾರದಾದರೂ ಫೋನಿನಲ್ಲಿ ತೆರೆದು ನೋಡಿ. ಒತ್ತಕ್ಷರ ಒಡೆದಿದೆಯೇ ಅನ್ನುವುದು ಆಗಲೇ ಗೊತ್ತಾಗುವುದು.

ಇಂಗ್ಲಿಷಿನಲ್ಲಿ ಬರೆಯಬೇಕು, ಕೈ ಓಡುತ್ತಿಲ್ಲ ಅನ್ನುವವರು ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ವಿಷಯ ಗಟ್ಟಿಯಾದ ಮೇಲೆ ಸಣ್ಣ ಸಣ್ಣ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿ. ಒಂದು ವಾಕ್ಯಕ್ಕೆ ಒಂದೇ ಸಂಗತಿ. "ಮೈಸೆಲ್ಫ್" ಎಂದು ಹೆಸರು ಹೇಳಬೇಡಿ, "ಕೈಂಡ್ಲಿ ಡೂ ದ ನೀಡ್‌ಫುಲ್" ಬೇಡ, ಅರ್ಥ ಗೊತ್ತಿಲ್ಲದ ದೊಡ್ಡ ಪದ ಒಂದೂ ಬೇಡ.

ಚಾಟ್‌ಜಿಪಿಟಿಯಂಥವನ್ನು ಬಳಸಬಹುದೇ? ವ್ಯಾಕರಣ ತಿದ್ದಿಸಿಕೊಳ್ಳಲು ಧಾರಾಳವಾಗಿ ಬಳಸಿ. ಆದರೆ "ನನಗೊಂದು ಕವರ್ ಲೆಟರ್ ಬರೆದುಕೊಡು" ಎಂದಷ್ಟೇ ಕೇಳಿದರೆ ಅದಕ್ಕೆ ನಿಮ್ಮ ಹದಿನಾಲ್ಕು ಕಕ್ಷಿದಾರರು ಗೊತ್ತಿಲ್ಲ. ನುಣುಪಾದ, ಯಾರಿಗೆ ಬೇಕಾದರೂ ಹೊಂದುವ ಪತ್ರ ಕೊಡುತ್ತದೆ, ಅದೇ ದಿನ ಇನ್ನೂ ಎಷ್ಟೋ ಜನರಿಗೆ ಅಂಥದ್ದನ್ನೇ ಕೊಟ್ಟಿರುತ್ತದೆ. ಇಲ್ಲದ ಕೌಶಲವನ್ನು ಸೇರಿಸುವುದೂ ಉಂಟು. ಇಂಟರ್‌ವ್ಯೂನಲ್ಲಿ ಅದರ ಬಗ್ಗೆ ಕೇಳಿದಾಗ ಬಾಯಿ ಕಟ್ಟುತ್ತದೆ. ಬಂದ ಪತ್ರದಲ್ಲಿ ಚೌಕ ಆವರಣದೊಳಗೆ "ಕಂಪನಿಯ ಹೆಸರು ಇಲ್ಲಿ" ಎಂದಿರುವುದನ್ನು ತೆಗೆಯದೇ ಕಳಿಸುವವರೂ ಇದ್ದಾರೆ.

ಯಾವ ಭಾಷೆಯಾದರೂ ಕಳಿಸುವ ಮುಂಚೆ ಒಮ್ಮೆ ಗಟ್ಟಿಯಾಗಿ ಓದಿ. ಉಸಿರು ಕಟ್ಟಿದ ಕಡೆ ವಾಕ್ಯ ಒಡೆಯಿರಿ.

ಹಂತ 8: ಕಳಿಸುವುದು

ಇಮೇಲ್ ಆದರೆ ಪತ್ರವನ್ನು ಮೇಲ್‌ನೊಳಗೇ ಬರೆಯಿರಿ, ರೆಸ್ಯೂಮೆಯನ್ನು ಪಿಡಿಎಫ್ ಆಗಿ ಲಗತ್ತಿಸಿ. ಕವರ್ ಲೆಟರನ್ನು ಬೇರೆ ಫೈಲ್ ಆಗಿ ಕೇಳಿದ್ದರೆ ಎರಡೂ ಪಿಡಿಎಫ್ ಹಾಕಿ, ಮೇಲ್‌ನೊಳಗೆ ಎರಡು ಸಾಲು. "ಪ್ಲೀಸ್ ಫೈಂಡ್ ಅಟ್ಯಾಚ್ಡ್" ಎಂದಷ್ಟೇ ಬರೆದು ಬಿಡುವುದು ತೀರಾ ಕಾಟಾಚಾರ.

ಸಬ್ಜೆಕ್ಟ್ ಸಾಲಿನಲ್ಲಿ ಹುದ್ದೆಯ ಹೆಸರು, ನಿಮ್ಮ ಹೆಸರು, ಅನುಭವದ ವರ್ಷ ಇರಲಿ. ಜಾಹೀರಾತಿನಲ್ಲಿ ಸಂಖ್ಯೆ ಕೊಟ್ಟಿದ್ದರೆ ಅದೂ. ಫೈಲಿನ ಹೆಸರು "ರೆಸ್ಯೂಮೆ ಫೈನಲ್ ನ್ಯೂ 3" ಅಂತಿದ್ದರೆ ಡೌನ್‌ಲೋಡ್ ಮಾಡಿದವರ ಫೋಲ್ಡರಿನಲ್ಲಿ ಅದು ಯಾರದ್ದೋ ತಿಳಿಯದು. ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರು ಕೊಡಿ. ಕಾಲೇಜಿನ ದಿನಗಳ ತಮಾಷೆಯ ಇಮೇಲ್ ಐಡಿ ಬಿಟ್ಟು ಹೆಸರಿನದ್ದೊಂದು ಮಾಡಿಕೊಳ್ಳಿ.

ಒಂದೇ ಮೇಲನ್ನು ನಲವತ್ತು ಕಂಪನಿಗಳ ವಿಳಾಸ ಹಾಕಿ ಒಟ್ಟಿಗೆ ಕಳಿಸುವುದು ಆತ್ಮಹತ್ಯೆಗೆ ಸಮ. ಎಲ್ಲರಿಗೂ ಎಲ್ಲರ ವಿಳಾಸ ಕಾಣುತ್ತದೆ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಕಳಿಸಿದ್ದನ್ನು ಹಿಂಪಡೆಯುವ ಅವಧಿಯನ್ನು 30 ಸೆಕೆಂಡಿಗೆ ಏರಿಸಿಟ್ಟುಕೊಳ್ಳಿ. ಲಗತ್ತು ಮರೆತದ್ದು ನೆನಪಾಗುವುದು ಸೆಂಡ್ ಒತ್ತಿದ ಮರುಕ್ಷಣವೇ.

ಸಣ್ಣ ಕಂಪನಿಗಳು ಈಗ ವಾಟ್ಸ್ಆ್ಯಪ್ ನಂಬರ್ ಕೊಡುತ್ತವೆ. ಅಲ್ಲಿ "ಹಾಯ್" ಕಳಿಸಿ ಉತ್ತರಕ್ಕೆ ಕಾಯಬೇಡಿ. ಹೆಸರು, ಹುದ್ದೆ, ಗಟ್ಟಿ ಪುರಾವೆ ಒಂದು, ನೋಟಿಸ್ ಅವಧಿ, ಇಷ್ಟನ್ನು ಒಂದೇ ಸಂದೇಶದಲ್ಲಿ ಬರೆದು ರೆಸ್ಯೂಮೆ ಜೋಡಿಸಿ. ನಿಮ್ಮ ಪ್ರೊಫೈಲ್ ಫೋಟೋ ಅವರಿಗೆ ಕಾಣುತ್ತದೆ ಅನ್ನುವುದು ನೆನಪಿರಲಿ.

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನು ಅರ್ಜಿಯ ಜತೆ ಕಳಿಸಬೇಡಿ. ಅವು ಬೇಕಾಗುವುದು ಆಯ್ಕೆಯಾದ ಮೇಲೆ. "ರಿಜಿಸ್ಟ್ರೇಷನ್ ಫೀ", "ಟ್ರೇನಿಂಗ್ ಡೆಪಾಸಿಟ್", "ಲ್ಯಾಪ್‌ಟಾಪ್ ಚಾರ್ಜ್" ಅಂತ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕೊಟ್ಟು ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಂತ 9: ಉತ್ತರ ಬಾರದಿದ್ದರೆ

ಒಂದು ವಾರ, ಹತ್ತು ದಿನ ಕಾಯಿರಿ. ಆಮೇಲೆ ಹೊಸ ಮೇಲ್ ಬರೆಯದೆ, ಮೊದಲು ಕಳಿಸಿದ್ದಕ್ಕೇ ಮುಂದುವರಿಸಿ ಎರಡು ಸಾಲು: "ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ಕಳೆದ ವಾರ ಅರ್ಜಿ ಕಳಿಸಿದ್ದೆ. ಹುದ್ದೆ ಇನ್ನೂ ಖಾಲಿ ಇದ್ದರೆ ಮಾತಾಡಲು ಆಸಕ್ತಿ ಇದೆ." ಹೀಗೆ ಮಾಡಿದರೆ ಹಳೆಯ ಪತ್ರ ಕೆಳಗೇ ಇರುತ್ತದೆ, ಅವರು ಹುಡುಕಬೇಕಾಗಿಲ್ಲ. ದಿನಾ ಫೋನ್ ಮಾಡುವುದು, ಎಚ್‌ಆರ್ ಅವರ ಸ್ವಂತ ಫೇಸ್‌ಬುಕ್ ಖಾತೆ ಹುಡುಕಿ ಸಂದೇಶ ಕಳಿಸುವುದು ಬೇಡ. ಅದಕ್ಕೂ ಉತ್ತರ ಬರಲಿಲ್ಲವೆಂದರೆ ಮೂರನೆಯ ಮೇಲ್ ಕಳಿಸಬೇಡಿ. ಮೂರು ತಿಂಗಳಾದ ಮೇಲೆ ಅದೇ ಕಂಪನಿಯಲ್ಲಿ ಬೇರೆ ಹುದ್ದೆ ಕಂಡರೆ ಮಾತ್ರ ಧೈರ್ಯವಾಗಿ ಹಾಕಿ, ಹಳೆಯ ಪತ್ರವನ್ನು ಮುಟ್ಟದೆ ಹೊಸ ಹಾಳೆಯ ಎಡಗಡೆಯಿಂದ ಶುರು ಮಾಡಿ.